ಎರಡು ಸಲ ಸತ್ತ ಗೌಡರು

ಅತ್ತೆಯ ತಲೆ ಸರಿಯಿಲ್ಲ ಎಂಬ ಅನುಮಾನ ಕಲ್ಯಾಣಿಗೆ ಎರಡನೆಯ ಪುಟದಲ್ಲೇ ಬಂತು.

“ಗೌಡ್ರು ಸೋಮವಾರ ಸತ್ರು. ಮಂಗಳವಾರ ಇನ್ನೊಂದ್ ಸಲ ಸತ್ರು. ಬರ್ಕೋ,” ಎಂದಳು ತಿಮ್ಮಕ್ಕ, ಎಲೆಅಡಿಕೆ ಜಗಿಯುತ್ತ.

“ಎರಡ್ ಸಲ ಹೆಂಗ್ ಸಾಯ್ತಾರೆ ಅತ್ತೆ?”

“ಮೊದಲ್ನೇ ಸಲ ಚೆನ್ನಾಗಿ ಸಾಯ್ಲಿಲ್ಲ ಕಣೇ.”

ಹನ್ನೊಂದಕ್ಕೆ ಸರ್ವೆ ಅಧಿಕಾರಿ ನರೇಂದ್ರ ಬರುವವನಿದ್ದ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಅಂಟಿಕೊಂಡ ಒಂಬತ್ತು ಮನೆಗಳ ಈ ಊರು ಬಡಾವಣೆಗಿಂತ ಹಳೆಯದೆಂದು ತೋರಿಸಿದರೆ ಮನೆಗಳು ಉಳಿಯುತ್ತವೆ. ಇಲ್ಲದಿದ್ದರೆ ಇಲ್ಲಿ ರಸ್ತೆ. ಕಾಗದಪತ್ರ ಯಾರ ಬಳಿಯೂ ಇರಲಿಲ್ಲ. ಮೊದಲ ದಿನದಿಂದ ಇದ್ದವಳೆಂದರೆ ತಿಮ್ಮಕ್ಕ ಒಬ್ಬಳೇ. ಅವಳು ಹೇಳಿದ ಊರಿನ ಕಥೆಯನ್ನು ಅಧಿಕಾರಿಗೆ ಕೊಡಲು ಬರೆದುಕೊಳ್ಳುತ್ತಿದ್ದವಳು ಸೊಸೆ ಕಲ್ಯಾಣಿ. ಬಾಡಿಗೆ ಮನೆಗಳಲ್ಲೇ ಬೆಳೆದ ಅವಳಿಗೆ, ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಕಿಲ್ಲದ ಗೋಡೆ ಸಿಕ್ಕಿದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ.

ಹಾಗಾಗಿ ಅವಳು ಇತಿಹಾಸವನ್ನು ಸರಿಮಾಡುತ್ತ ಹೋದಳು. ಗೌಡರನ್ನು ತಂದೆ ಮತ್ತು ಮಗ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಸಾವು ಹಂಚಿದಳು. ಊರಿಗೆ ಬಂದ ದಿನ ಹೊಸ ಸೀರೆ ಉಟ್ಟಿದ್ದವರನ್ನು ಬೈದು, ಹರಕು ಸೀರೆ ಉಡಿಸಿದರಂತೆ. ಅದು ‘ಸರಳ ಜೀವನ’ವಾಯಿತು. ಬೆಳಿಗ್ಗೆ ಭೀಕರ ಬರ, ಊಟವಾದ ಮೇಲೆ ಒಂದೇ ಬೀದಿಗೆ ಮಳೆ. ನಡುವೆ ಎರಡು ವರ್ಷ ತುಂಬಿದಳು.

“ಬರಗಾಲದಲ್ಲಿ ಊಟ ಎಲ್ಲಿಂದ ಬಂತು ಅತ್ತೆ?”

“ಬಿಸಿಬೇಳೆಬಾತು. ಚೆನ್ನಾಗಿ ಅತ್ತೋರಿಗೆ ಇನ್ನೊಂದ್ ಸೌಟು.”

ಕಲ್ಯಾಣಿ ಅದನ್ನು ಬರೆಯಲಿಲ್ಲ.

ನರೇಂದ್ರ ಬಂದ. ಕಲ್ಯಾಣಿ ಬರೆದದ್ದನ್ನು ನಿಂತೇ ಓದಲು ಶುರುಮಾಡಿದವನು ಕುಳಿತ. ಗೌಡರ ಮಗ ಸಾಯುವ ಹೊತ್ತಿಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

“ನೀವೆಲ್ಲ ಬಂದಿದ್ದು ಯಾವ ವರ್ಷ ಅಜ್ಜಿ?”

“ಎಪ್ಪತ್ನಾಲ್ಕು. ಆಗಿಲ್ಲಿ ಒಂದ್ ಲೈಟ್ ಕಂಬಾನೂ ಇರ್ಲಿಲ್ಲ ಸಾರ್. ಬರೀ ರಾಗಿ ಹೊಲ.”

“ಬಡಾವಣೆ ನಕ್ಷೆ ಎಂಬತ್ತೊಂದರದ್ದು. ಹಂಗಾದ್ರೆ ಇದು ಹಳೇ ಊರೇ ಬಿಡಿ,” ಎಂದು ಅವನು ಸಹಿ ಹಾಕಿ ಸೀಲು ಒತ್ತಿದ. ಕಲ್ಯಾಣಿ ಕಾಫಿಗೆ ನೀರಿಟ್ಟಳು.

ಫೈಲು ಕಂಕುಳಿಗೆ ಸೇರಿಸಿದ ನರೇಂದ್ರನಿಗೆ ಹೋಗಲು ಮನಸ್ಸಾಗಲಿಲ್ಲ. “ಇಷ್ಟೊಂದು ಬರ, ಇಷ್ಟೊಂದು ಸಾವು ಕಂಡ್ರೂ ನೀವ್ಯಾಕೆ ಊರು ಬಿಡ್ಲಿಲ್ಲ ಅಜ್ಜಿ?”

“ಹೆಂಗ್ ಬಿಡೋದು ಸಾರ್? ಪಿಚ್ಚರ್ ಅರ್ಧಕ್ಕೇ ನಿಂತೋಯ್ತು. ಡೈರೆಕ್ಟ್ರು ಇವತ್ತಿಗೂ ಪ್ಯಾಕಪ್ ಅಂದಿಲ್ಲ.”