ಮಾತ್ರೆ ಕೊಡದ ಅಕ್ಕ

"ಕೊಡಲ್ಲ ಅಂದ್ರೆ ಕೊಡಲ್ಲ," ಎಂದಳು ಕಾರ್ಖಾನೆಯ ಔಷಧಿ ಕೋಣೆಯ ಅಕ್ಕ. ಬೀರುವಿನ ಕೀಲಿ ಅವಳ ಮುಷ್ಟಿಯಲ್ಲಿತ್ತು.

"ಸೊಂಟ ಮುರಿದು ಬೀಳ್ತಿದೆ ಅಕ್ಕಾ. ಒಂದೇ ಒಂದು ನೋವಿನ ಮಾತ್ರೆ," ಎಂದು ಬೇಡಿದಳು ಬಟ್ಟೆಗೆ ಇಸ್ತ್ರಿ ಹಾಕುವವಳು.

"ನಿನ್ನೆಯೂ ಒಂದೇ, ಮೊನ್ನೆಯೂ ಒಂದೇ. ಖಾಲಿ ಹೊಟ್ಟೆಗೆ ನುಂಗಿ ನುಂಗಿ ಹುಣ್ಣಾಗುತ್ತೆ. ಡಾಕ್ಟರಿಗೆ ತೋರಿಸು. ನೀರು ಕುಡಿ."

ನೀರಂತೆ! ಇಸ್ತ್ರಿಯವಳಿಗೆ ಮೈಯೆಲ್ಲ ಉರಿಯಿತು. ಆ ಬಟ್ಟೆ ಕಾರ್ಖಾನೆಯಲ್ಲಿ ಶೌಚಕ್ಕೆ ಬಿಡುತ್ತಿದ್ದುದೇ ಪಾಳಿಗೆ ಒಂದು ಸಲ. ಹೆಂಗಸರು ಯಾರೂ ನೀರು ಮುಟ್ಟುತ್ತಿರಲಿಲ್ಲ. ಬಾಗಿಲಿಗೆ ಬೀಗ, ಕಿಟಕಿಗೆ ಜಾಲರಿ, ಮುಖಕ್ಕೆ ಹಬೆ. ಒಂದು ದಿನ ತಪ್ಪಿಸಿದರೆ ಇಸ್ತ್ರಿ ಮೇಜು ಇನ್ನೊಬ್ಬಳ ಪಾಲು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಪುಣ್ಯಕ್ಕೆ ಇಸ್ತ್ರಿ ವಿಭಾಗದ ಮೇಸ್ತ್ರಿ ಇದ್ದ. ಅಕ್ಕ ಬೈದು ಕಳಿಸಿದಾಗಲೆಲ್ಲ ತನ್ನ ಜೇಬಿನಿಂದಲೇ ಮಾತ್ರೆ ತೆಗೆದುಕೊಡುತ್ತಿದ್ದ. "ಯಾಕಮ್ಮ ನೋವು ತಿಂತೀಯಾ? ಇದನ್ನ ನುಂಗು, ಕೆಲಸ ನೋಡು."

ಅಕ್ಕನೋ, ವಾರಕ್ಕೆರಡು ದಿನ ಮಧ್ಯಾಹ್ನವೇ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಕಾವಲುಗಾರ ತುಟಿಪಿಟಕ್ಕೆನ್ನದೆ ಗೇಟು ತೆಗೆಯುತ್ತಿದ್ದ. ನಮಗಿಲ್ಲದ ಮಾತ್ರೆ ಹೊರಗೆ ಮಾರಾಟವಾಗುತ್ತಿದೆ ಎಂದು ಹೆಂಗಸರ ಗುಸುಗುಸು. ಕೇಳಿ ತಿಳಿಯೋಣವೆಂದರೆ ಇಸ್ತ್ರಿ ವಿಭಾಗದಲ್ಲಿ ಹಳಬರೇ ಉಳಿದಿರಲಿಲ್ಲ.

ತನ್ನ ವಾರದ ರಜೆಯ ದಿನ ಇಸ್ತ್ರಿಯವಳು ಗೇಟಿನೆದುರು ಕಾದು ನಿಂತು, ಅಕ್ಕನ ಬೆನ್ನು ಹತ್ತಿದಳು. ಎರಡು ಬೀದಿ ದಾಟಿ ಅಕ್ಕ ದೊಡ್ಡಾಸ್ಪತ್ರೆಯ ಹಿಂಬಾಗಿಲು ಹೊಕ್ಕಳು. ಕಳ್ಳಿ ಸಿಕ್ಕಿಬಿದ್ದಳು! ಸ್ವಲ್ಪ ಹೊತ್ತು ಬಿಟ್ಟು ಇಸ್ತ್ರಿಯವಳೂ ಬಾಗಿಲು ತಳ್ಳಿದಳು.

ಸಾಲು ಮಂಚಗಳು. ಕೊನೆಯದರ ಮೇಲೆ ಅಕ್ಕ ಮಲಗಿದ್ದಳು. ತೋಳಿನಿಂದ ಹೊರಟ ರಕ್ತ ಕೊಳವೆಯಲ್ಲಿ ಹರಿದು, ಪಕ್ಕದ ಯಂತ್ರವನ್ನು ಸುತ್ತಿ, ಮತ್ತೆ ತೋಳಿಗೇ ಮರಳುತ್ತಿತ್ತು.

"ಎರಡೂ ಕಿಡ್ನಿ ಹೋಗಿವೆ," ಎಂದಳು ಅಕ್ಕ, ಬೆಚ್ಚದೆ. "ಆರು ವರ್ಷ, ದಿನಕ್ಕೆ ಮೂರು ನೋವಿನ ಮಾತ್ರೆ. ಅದೂ ನೀರು ಕುಡೀದೆ."

ಇಸ್ತ್ರಿಯವಳು ಮಂಚದ ಹತ್ತಿರ ಬಂದಳು. "ನಮಗ್ಯಾಕೆ ಹೇಳಲಿಲ್ಲ?"

"ಬಾಯಿ ಮುಚ್ಚಿಕೊಂಡಿದ್ರೆ ಇಲ್ಲಿಯ ಖರ್ಚು ಕಾರ್ಖಾನೆಯದು. ಬಾಯಿ ಬಿಟ್ಟ ದಿನ ಈ ಯಂತ್ರ ನಿಲ್ಲುತ್ತೆ. ನಾನು ಮಾಡಬಹುದಾಗಿದ್ದು ಒಂದೇ, ಬೀರು ತೆಗೀದೇ ಇರೋದು."

"ಅಷ್ಟೊಂದು ಮಾತ್ರೆ ನಿಮಗೆ ಕೊಟ್ಟಿದ್ದಾದ್ರೂ ಯಾರಕ್ಕಾ?"

"ಮೇಸ್ತ್ರಿ. ನಿನಗಿಂತ ಮುಂಚೆ ಆ ಮೇಜಿನಲ್ಲಿ ಇದ್ದವಳು ನಾನೇ."