ಇನ್ನೊಂದು ಪದ

ಗೋಡೆಗೆ ಒರಗಿಸಿ ಕೂರಿಸಿದ್ದ ದುಂಡಪ್ಪನ ಹೆಣದ ಮುಂದೆ ಬೆಳಗಿನಿಂದ ಭಜನೆ ನಡೆದಿತ್ತು. ಅವನ ಜೊತೆ ಹಾಡುತ್ತಲೇ ಮುದುಕನಾದ ಮುರಗೆಪ್ಪ ಹಾರ್ಮೋನಿಯಂ ಎಳೆದುಕೊಂಡ. “ಇನ್ನ ಮಂಗಳ ಹಾಡೂಣು. ಅದು ಮುಗದ ಮ್ಯಾಲ ಎತ್ತೂಣು. ಹೊತ್ತಾತು.”

ಗಲಗಲಿಯಲ್ಲಿ ಯಾರೇ ಸತ್ತರೂ ದುಂಡಪ್ಪ ಉಂಡ ಕೈ ತೊಳೆದವನೇ ತಾಳ ಹಿಡಿದು ಭಜನೆಗೆ ಹೊರಡುತ್ತಿದ್ದ. ಹೆಂಡತಿ ಭಾಗವ್ವ ಹೊಸ್ತಿಲಲ್ಲಿ ನಿಂತು ಪ್ರತಿಸಲ ಬೈಯುತ್ತಿದ್ದಳು: “ಲಗೂನ ಮಂಗಳ ಹಾಡಿ ಮನಿಗಿ ಬರ್ರಿ. ನಾ ಎಷ್ಟೊತ್ತಂತ ಕಾಯ್ಲಿ?”

ಈಗ ಅವಳು ಗಂಡನ ತೊಡೆಯ ಮೇಲಿಟ್ಟಿದ್ದ ತಾಳ ಎತ್ತಿಕೊಂಡಳು. ಎಂದೂ ಅದನ್ನು ಬಾರಿಸಿದವಳಲ್ಲ. ಬಡಿದದ್ದು ಲಯಕ್ಕೆ ಕೂಡಲಿಲ್ಲ.

“ಮಂಗಳ ಬ್ಯಾಡ್ರಿ ಅಣ್ಣಾರ. ಇನ್ನೊಂದು ಪದ ಹಾಡ್ರಿ,” ಅಂದಳು. “ಇವತ್ತ ನನಗೇನೂ ಗಡಿಬಿಡಿ ಇಲ್ಲ.”