ಇನ್ನೊಂದು ನಡೆ ಮುಂದೆ

ಕಾಲುವೆಯ ನೀರು ಯಾರಿಗೆ ಎಂಬುದನ್ನು ಪ್ರತಿ ಬೇಸಿಗೆಯಂತೆ ಈ ಸಲವೂ ಎರಡೂರಿನ ಯಂತ್ರಗಳು ಚದುರಂಗವಾಡಿ ತೀರ್ಮಾನಿಸಬೇಕಿತ್ತು. ಆಟ ಮುಗಿಯುವವರೆಗೆ ತೂಬಿಗೆ ಬೀಗ. ಸಮವಾದರೆ ಇಬ್ಬರಿಗೂ ಅರ್ಧರ್ಧ ನೀರು. ಸಮ ಮಾಡಿಕೊಳ್ಳೋಣ ಎಂದು ಎದುರೂರಿನವರು ಕೇಳಿ ಒಂಬತ್ತು ದಿನವಾಗಿತ್ತು.

ಯಂತ್ರ ನಡೆಸುವ ಶಾಂತವ್ವ ಕೂತಲ್ಲಿ ಕೂರಲಾರದೆ ಎದ್ದಳು. ಕಿಟಕಿಯಾಚೆ ಒಣ ನಲ್ಲಿಯ ಮುಂದೆ ಖಾಲಿ ಕೊಡಗಳ ಸಾಲು ರಸ್ತೆವರೆಗೂ ಬೆಳೆದಿತ್ತು. ಅದರಲ್ಲಿ ಅವಳದೂ ಒಂದಿತ್ತು.

“ಸಾಹೇಬ್ರ, ಹತ್ತು ನಡಿ ಮುಂದ ನೋಡಿದಾಗೂ ಸಮ ಅಂತು. ಈಗ ಮೂವತ್ತೊಂದು ನೋಡೇತಿ, ಮತ್ತ ಸಮ ಅಂತೈತಿ. ಒಪ್ಪಿಬಿಡೂಣ್ರಿ.”

ಇಂಜಿನಿಯರ್ ಹಳ್ಳಿಕೇರಿ ಪರದೆಯಿಂದ ಕಣ್ಣು ಕೀಳಲಿಲ್ಲ. “ಮೂವತ್ತೆರಡರಾಗ ಗೆಲುವು ಇದ್ರ? ಇನ್ನೊಂದು ನೋಡ್ಲಿ.”

ಇನ್ನೊಂದು ನಡೆ ಎಂದರೆ ಯಂತ್ರಕ್ಕೆ ಇನ್ನೂ ಆರು ದಿನ. ಅವರು ಚಹಾಕ್ಕೆ ಎದ್ದುಹೋದದ್ದೇ ತಡ, ಶಾಂತವ್ವ ಎದುರೂರಿನ ಯಂತ್ರದ ಮನೆಗೆ ಫೋನ್ ಹಚ್ಚಿದಳು.

“ಯಕ್ಕಾ, ನಾವು ಒಪ್ಪೇವಿ. ತೂಬು ತಗಸ್ರಿ.”

ಅತ್ತ ಫೋನ್ ಎತ್ತಿದವಳು ಆ ಊರಿನ ಯಂತ್ರ ನಡೆಸುವ ಹೆಂಗಸು. ಅವಳ ಹಿಂದೆಯೂ ಖಾಲಿ ಕೊಡಗಳು ಒಂದಕ್ಕೊಂದು ತಾಗುವ ಸದ್ದಿತ್ತು.

“ತಡಾ ಆತು ತಂಗಿ. ನೀವು ಒಂಬತ್ತು ದಿನ ಸುಮ್ಮನಿದ್ದೀರಿ, ಏನೋ ಗೆಲುವು ಕಂಡಿರಬೇಕು ಅಂತ ನಮ್ಮ ಸಾಹೇಬ್ರು ಮುಂಜಾನೆನ ಸಮದ ಮಾತು ಹಿಂದ ತಗೊಂಡ್ರು. ನಮ್ಮ ಯಂತ್ರಾನೂ ಈಗ ಮೂವತ್ತೆರಡು ನೋಡಾಕ ಹತ್ತೇತಿ.”